ಹುಣಸೆಮರ ಅಡ್ಡ ಬಂದಾಗ

ಮಾಳಿಗೆಯ ಮೇಲೊಬ್ಬ ಹುಡುಗ, ಅಂಗಳದಲ್ಲಿ ಅವನ ತಮ್ಮ, ಪಡಸಾಲೆಯ ಟಿ.ವಿ. ಮುಂದೆ ಓಣಿಯ ಅರ್ಧ ಜನ. 1987ರ ಭಾನುವಾರದ ಬೆಳಗು ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಹೀಗೆಯೇ ಆರಂಭವಾಗುತ್ತಿತ್ತು. ‘ರಾಮಾಯಣ’ ಧಾರಾವಾಹಿ ಶುರುವಾಗುವ ಹೊತ್ತಿಗೆ ಸರಿಯಾಗಿ ಪರದೆಯ ಮೇಲೆ ಜೋಳದ ನುಚ್ಚು ಸುರಿದಂತೆ ಚುಕ್ಕೆಗಳು. ಮೇಲಿನವನು ಅಲ್ಯುಮಿನಿಯಂ ಕಡ್ಡಿಗಳ ಆಂಟೆನಾವನ್ನು ತುಸು ತಿರುವಿ ‘ಬಂತೇನೋ?’ ಎನ್ನುವನು. ಒಳಗಿನಿಂದ ‘ಬಂತು, ಬಂತು’ ಎಂಬ ಕೂಗು ಅಂಗಳ ದಾಟುವುದರೊಳಗೆ ‘ಹೋತು!’ ಎಂಬ ಇನ್ನೊಂದು ಕೂಗು. ಆಂಟೆನಾ ಹಿಡಿದು ನಿಂತರೆ ಚಿತ್ರ ಸ್ಪಷ್ಟ, ಬಿಟ್ಟು ಇಳಿದರೆ ಮಾಯ. ಹೀಗಾಗಿ ಸೀತಾ ಸ್ವಯಂವರವನ್ನು ಇಡೀ ಓಣಿ ನೋಡಿತು. ನೋಡದೆ ಉಳಿದವನು ಅದನ್ನು ತೋರಿಸಿದವನೊಬ್ಬನೇ.

ಆ ಹುಡುಗನಿಗೆ ಈಗ ಐವತ್ತರ ಹತ್ತಿರ ವಯಸ್ಸು. ಬೀದರ್ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನ ಮೋರಖಂಡಿಯಲ್ಲಿ ಅಂಥವನೊಬ್ಬ ಇದ್ದಾನೆಂದು ಇಟ್ಟುಕೊಳ್ಳಬಹುದು. ಊರೊಳಗಿನ ಮನೆಯಲ್ಲಿ ತಮ್ಮನ ಸಂಸಾರ, ಎರಡು ಕಿಲೋಮೀಟರ್ ಆಚೆ ಹೊಲದ ಮನೆಯಲ್ಲಿ ಇವನ ಸಂಸಾರ. ಮಗಳು ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ. ತಮ್ಮನ ಮನೆಗೆ ಫೈಬರ್ ಸಂಪರ್ಕ ಬಂದಿದೆ. ಹೊಲದ ಮನೆಯಲ್ಲಿ ಮೊಬೈಲ್ ಫೋನಿನ ಗೆರೆ ಒಂದಿದ್ದರೆ ಪುಣ್ಯ. ಹುಡುಗಿ ಪಾಠದ ವಿಡಿಯೊ ನೋಡಲು, ಮಾದರಿ ಪ್ರಶ್ನೆಪತ್ರಿಕೆ ಇಳಿಸಿಕೊಳ್ಳಲು ಸಂಜೆ ಕಾಕಾನ ಮನೆಗೆ ಹೋಗಬೇಕು, ಕತ್ತಲಾದ ಮೇಲೆ ಯಾರಾದರೂ ಕರೆದುಕೊಂಡು ಬರಬೇಕು. ಕಬ್ಬು ಆಳೆತ್ತರ ದಾಟಿದ ಮೇಲೆ ಆ ದಾರಿ ಯಾವ ತಂದೆಗೂ ನೆಮ್ಮದಿ ಕೊಡುವಂಥದಲ್ಲ. ‘ಈ ವರ್ಷ ಹೆಂಗೋ ಮುಗಸು, ಮುಂದಿಂದು ಆಮ್ಯಾಲ ನೋಡೋಣಂತ’ ಎಂಬ ಮಾತು ಮನೆಯಲ್ಲಿ ಒಮ್ಮೆ ಬಂದು ಹೋಗಿದೆ. ಇಂಥ ಮಾತು ಹೆಣ್ಣುಮಕ್ಕಳ ಓದಿನಲ್ಲಿ ಎಲ್ಲಿಗೆ ಹೋಗಿ ನಿಲ್ಲುತ್ತದೆಂಬುದು ಎಲ್ಲರಿಗೂ ಗೊತ್ತು.

ಸಿಗ್ನಲ್ ಎಂಬ ಕಾಣದ ವಸ್ತು ಮಕ್ಕಳ ಓದನ್ನು ಹೇಗೆ ಹಿಡಿದು ನಿಲ್ಲಿಸಬಲ್ಲದೆಂಬುದನ್ನು ಕನ್ನಡನಾಡು ಕೊರೊನಾ ಕಾಲದಲ್ಲಿ ಕಣ್ಣಾರೆ ಕಂಡಿತು. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹುಡುಗಿಯೊಬ್ಬಳು ರಸ್ತೆಯ ಬದಿಯಲ್ಲಿ ಕುಳಿತು ಫೋನಿನಲ್ಲಿ ಪಾಠ ಕೇಳುತ್ತಿದ್ದಳು. ಸುರಿವ ಮಳೆಯಲ್ಲಿ ಅವಳಪ್ಪ ಕೊಡೆ ಹಿಡಿದು ನಿಂತಿದ್ದರು. ಆ ಚಿತ್ರ ದೇಶವೆಲ್ಲ ಸುತ್ತಿತು. ಸುಳ್ಯದಲ್ಲಿ ಗುಡ್ಡ, ಕಾಡು ಅಡ್ಡ. ಮೋರಖಂಡಿಯ ಸುತ್ತಿನ ನೆಲ ದಖ್ಖನ್ನಿನ ಬಯಲು. ಇಲ್ಲಿ ಅಡ್ಡ ಬರುವುದೇನು?

ಮೊದಲು ಅಡ್ಡ ಬರುವುದು ಪೇಟೆಯ ಸಲಹೆ. ‘ದೊಡ್ಡ ಪವರಿನ ರೂಟರ್ ಹಾಕ್ರಿ, ಬೂಸ್ಟರ್ ಹಾಕ್ರಿ’ ಎನ್ನುವವರು ಎಲ್ಲ ಊರಿನಲ್ಲೂ ಸಿಗುತ್ತಾರೆ. ದೂರ ಹೆಚ್ಚಾದರೆ ದನಿ ಏರಿಸಬೇಕು ಎಂಬುದು ಸಹಜವಾದ ಯೋಚನೆ. ಆದರೆ ಲೆಕ್ಕ ಹಾಕಿದರೆ ಇದು ದುಬಾರಿ ದಾರಿ. ಖಾಲಿ ಆಕಾಶದಲ್ಲಿಯೂ ದೂರವನ್ನು ಎರಡರಷ್ಟು ಮಾಡಬೇಕಾದರೆ ಶಕ್ತಿಯನ್ನು ನಾಲ್ಕರಷ್ಟು ಮಾಡಬೇಕು, ಮೂರರಷ್ಟಕ್ಕೆ ಒಂಬತ್ತರಷ್ಟು. ಜೊತೆಗೆ ಇನ್ನೊಂದು ತೊಡಕಿದೆ. ರೇಡಿಯೊ ಕೇಳುವವನು ಕೇಳಿದರೆ ಸಾಕು, ಉತ್ತರ ಕೊಡಬೇಕಾಗಿಲ್ಲ. ವೈಫೈ ಹಾಗಲ್ಲ, ಅದು ಎರಡೂ ಕಡೆಯ ಸಂಭಾಷಣೆ. ಒಂದೊಂದು ತುಣುಕು ಮಾಹಿತಿ ಬಂದಾಗಲೂ ‘ಮುಟ್ಟಿತು’ ಎಂದು ಈ ಕಡೆಯಿಂದ ಉತ್ತರ ಹೋಗಬೇಕು. ಚಾವಡಿ ಕಟ್ಟೆಯ ಮೇಲೆ ನಿಂತು ಡಂಗುರ ಸಾರಿದವನ ದನಿ ಊರಾಚೆಗೂ ಕೇಳೀತು. ಅಲ್ಲಿನ ಮುದುಕಿ ತನ್ನ ಸಣ್ಣ ದನಿಯಲ್ಲಿ ‘ಏನಂದ್ಯೋ ತಮ್ಮಾ?’ ಎಂದರೆ ಅವನಿಗೆ ಕೇಳೀತೇ? ಊರಿನ ರೂಟರ್ ಎಷ್ಟೇ ಅಬ್ಬರಿಸಲಿ, ಹುಡುಗಿಯ ಕೈಯ ಫೋನು ಆ ಮುದುಕಿಯೇ. ಫೋನಿನಲ್ಲಿ ಗೆರೆಗಳೆಲ್ಲ ತುಂಬಿ ಕಂಡರೂ ಪುಟ ತೆರೆಯದೆ ಚಕ್ರ ಸುತ್ತುತ್ತಲೇ ಇರುವ ವಿದ್ಯಮಾನದ ಹಿಂದೆ ಎಷ್ಟೋ ಸಲ ಇದೇ ಗುಟ್ಟು ಇರುತ್ತದೆ.

ಅಪ್ಪನಿಗೆ ಈ ಸೂತ್ರ ಗೊತ್ತಿಲ್ಲ. ಆದರೆ ಅವನು ಬಾಲ್ಯದಲ್ಲಿ ಜೋಳದ ಹೊಲದ ಮಂಚಿಗೆಯ ಮೇಲೆ ನಿಂತು ಹಕ್ಕಿ ಹೊಡೆದವನು. ಆಚೆ ಹೊಲದವನನ್ನು ಕರೆಯಬೇಕಾದರೆ ಎತ್ತರಕ್ಕೆ ಹತ್ತಬೇಕು, ಎರಡೂ ಅಂಗೈ ಬಾಯಿಗೆ ಒತ್ತಿ ಅವನ ಕಡೆಗೇ ಮುಖ ಮಾಡಿ ಕೂಗಬೇಕು, ಉತ್ತರ ಕೇಳಬೇಕಾದರೆ ಅಂಗೈಯನ್ನು ಕಿವಿಗೆ ಹಿಡಿಯಬೇಕು ಎಂಬುದು ಅವನಿಗೆ ಯಾರೂ ಕಲಿಸದ ವಿದ್ಯೆ. ದಿಕ್ಕಿನ ಆಂಟೆನಾ ಮಾಡುವುದೂ ಇಷ್ಟೇ. ಹೊಸ ಶಕ್ತಿಯೇನನ್ನೂ ಅದು ಹುಟ್ಟಿಸುವುದಿಲ್ಲ. ಸುತ್ತಲೂ ಚೆಲ್ಲಿಹೋಗುವುದನ್ನು ಒಂದೇ ಕಡೆ ಕೂಡಿಸುತ್ತದೆ. ಮಾತಾಡುವಾಗಲೂ ಕೇಳುವಾಗಲೂ ಅದರ ಲಾಭ ಸಿಗುವುದರಿಂದ ಅದು ಇಬ್ಬರಿಗೂ ನೆರವು.

ದಿಕ್ಕು ಮತ್ತು ತೆರವಾದ ದಾರಿಗಳ ಮಹಿಮೆಗೆ ಈ ಸೀಮೆಯ ಪಕ್ಕದಲ್ಲೇ ಒಂದು ಚಾರಿತ್ರಿಕ ಉದಾಹರಣೆಯಿದೆ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ‘ಸೈಟ್’ ಎಂಬ ಹೆಸರಿನ ಉಪಗ್ರಹ ಶಿಕ್ಷಣ ಪ್ರಯೋಗ ನಡೆಯಿತು. ಇಸ್ರೊ ಮತ್ತು ಅಮೆರಿಕದ ನಾಸಾ ಸೇರಿ ಮಾಡಿದ ಆ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಬಂತು. ಅವುಗಳಲ್ಲಿ ಕರ್ನಾಟಕದ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. ಊರಲ್ಲಿ ನೆಟ್ಟದ್ದು ತಂತಿಬಲೆಯ ಹತ್ತು ಅಡಿ ವ್ಯಾಸದ ಒಂದು ತಟ್ಟೆ. ಕಾರ್ಯಕ್ರಮ ಕಳಿಸುತ್ತಿದ್ದ ಎಟಿಎಸ್-6 ಉಪಗ್ರಹ ಇದ್ದದ್ದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಅದರ ಪ್ರೇಷಕದ ಶಕ್ತಿ ಸುಮಾರು 80 ವ್ಯಾಟ್, ಅಂದರೆ ಹಳೆಯ ಕಾಲದ ಒಂದು ಬಲ್ಬು ಉರಿಯುವಷ್ಟು. ಮೇಲೆ 30 ಅಡಿಯ ತಟ್ಟೆ, ಕೆಳಗೆ 10 ಅಡಿಯ ತಟ್ಟೆ, ನಡುವೆ ಏನೂ ಅಡ್ಡವಿಲ್ಲ. ಹೀಗೆ 36,000 ಕಿಲೋಮೀಟರ್ ದಾಟಿ ಬಂದ ಚಿತ್ರ ಹಳ್ಳಿಯ ಕಟ್ಟೆಯ ಮೇಲೆ ಮೂಡಿತು. ಅದರೆದುರು ಮೋರಖಂಡಿಯ ಎರಡು ಕಿಲೋಮೀಟರ್ ಯಾವ ಲೆಕ್ಕ? ಲೆಕ್ಕವಿದೆ. ಆ ದಾರಿಯಲ್ಲಿ ಹುಣಸೆಮರವಿರಲಿಲ್ಲ, ಈ ದಾರಿಯಲ್ಲಿದೆ.

ಆದ್ದರಿಂದ ನಿಸ್ತಂತು ಜಾಲದ ಯೋಜನೆ ಅಂಗಡಿಯಲ್ಲಿ ಆರಂಭವಾಗುವುದಿಲ್ಲ, ಕಾಲ್ನಡಿಗೆಯಲ್ಲಿ ಆರಂಭವಾಗುತ್ತದೆ. ಒಂದು ಬೆಳಿಗ್ಗೆ ಮಗಳು ಹೊಲದ ಮನೆಯ ಮಾಳಿಗೆ ಹತ್ತಿ ಕನ್ನಡಿಯಲ್ಲಿ ಬಿಸಿಲು ಹಿಡಿದು ಊರ ಕಡೆ ಹೊಳೆಯಿಸುತ್ತಾಳೆ. ಕಾಕಾ ತನ್ನ ಮಾಳಿಗೆಯ ಮೇಲಿದ್ದಾನೆ.

‘ಕಾಕಾ, ಕನ್ನಡಿ ಹೊಳಿಯೂದು ಕಾಣಸ್ತದೇನ್ರಿ?’

‘ಎಲ್ಲಿದವ್ವಾ! ನನಗ ಹುಣಸಿಗಿಡ ಒಂದೇ ಕಾಣಸ್ತದ.’

ಕಣ್ಣಿಗೆ ಕಾಣದಿದ್ದರೆ ಈ ಅಲೆಗೂ ದಾರಿಯಿಲ್ಲ ಎಂದುಕೊಂಡರೆ ಹೆಚ್ಚುಕಡಿಮೆ ಸರಿ. ಆಕಾಶವಾಣಿಯ ಮಧ್ಯಮ ತರಂಗದ ಮಾತು ಬೇರೆ. ಅದರ ಒಂದೊಂದು ಅಲೆ ನೂರಾರು ಮೀಟರ್ ಉದ್ದ. ಮರ, ಮನೆ, ಸಣ್ಣ ಗುಡ್ಡಗಳನ್ನು ಅದು ಲೆಕ್ಕಕ್ಕೇ ಇಟ್ಟುಕೊಳ್ಳದೆ ಬಳಸಿ ಬರುತ್ತದೆ. ಹಿಂದೆ ಹೊಲದಲ್ಲಿ ಟ್ರಾನ್ಸಿಸ್ಟರ್ ನೇತುಹಾಕಿಕೊಂಡು ಗುಲ್ಬರ್ಗ ಕೇಂದ್ರ ಕೇಳಿದವರಾರೂ ಮಾಳಿಗೆ ಹತ್ತಬೇಕಾಗಿರಲಿಲ್ಲ. ವೈಫೈ ಅಲೆ 2.4 ಗಿಗಾಹರ್ಟ್ಸ್‌ನಲ್ಲಿ ಹನ್ನೆರಡೂವರೆ ಸೆಂಟಿಮೀಟರ್, 5.8ರಲ್ಲಿ ಸುಮಾರು ಐದೇ ಸೆಂಟಿಮೀಟರ್. ಎಲೆಯೊಳಗಿನ ನೀರು ಅದನ್ನು ಹೀರಿಕೊಳ್ಳುತ್ತದೆ, ಟೊಂಗೆ ಅದನ್ನು ಚದುರಿಸುತ್ತದೆ. ಮಳೆ ಬಂದರೆ ಸಿಗ್ನಲ್ ಹೋಗುತ್ತದೆ ಎಂದು ಜನ ಹೇಳುವುದುಂಟು. ಈ ಅಲೆಗಳಿಗೆ ಇಷ್ಟು ದೂರದಲ್ಲಿ ಮಳೆಹನಿ ದೊಡ್ಡ ತೊಂದರೆ ಕೊಡುವುದಿಲ್ಲ. ತೊಂದರೆ ಕೊಡುವವು ತೋಯ್ದ ಎಲೆ, ಕೂಡುಗಂಟಿನೊಳಗೆ ಇಳಿದ ನೀರು, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಮಳೆಯೊಂದಿಗೇ ಹೋಗುವ ಕರೆಂಟು.

ಇಲ್ಲಿ ಪಿಯುಸಿಯವರೂ ಎಡವುವ ಒಂದು ವಿಷಯವಿದೆ. ಮರದ ಪಕ್ಕದಿಂದ ಒಂದು ದಾರದಷ್ಟು ಸಂದಿ ಸಿಕ್ಕರೆ ಸಾಕೆ? ಸಾಲದು. ಅಲೆ ದಾರದಂತೆ ಹೋಗುವುದಿಲ್ಲ. ಎರಡು ಆಂಟೆನಾಗಳ ನಡುವೆ ಅದು ಸೌತೆಕಾಯಿಯ ಆಕಾರದ ಜಾಗ ಬೇಡುತ್ತದೆ, ತುದಿಗಳಲ್ಲಿ ಸಣ್ಣಗೆ, ನಡುವೆ ಉಬ್ಬಿ. ಬೆಳಕಿನ ಅಲೆಗಳನ್ನು ಅಭ್ಯಾಸ ಮಾಡಿದ, ದೀಪಸ್ತಂಭಗಳ ಮಸೂರಕ್ಕೆ ಹೆಸರಾದ ಫ್ರಾನ್ಸಿನ ಫ್ರೆನೆಲ್ (1788–1827) ಹೆಸರಿನಲ್ಲಿ ಇದನ್ನು ಫ್ರೆನೆಲ್ ವಲಯ ಎನ್ನುತ್ತಾರೆ. ಎರಡು ಕಿಲೋಮೀಟರ್ ದಾರಿಯ ನಡುಮಧ್ಯದಲ್ಲಿ ಇದರ ತ್ರಿಜ್ಯ 2.4 ಗಿಗಾಹರ್ಟ್ಸ್‌ಗೆ ಸುಮಾರು 8 ಮೀಟರ್, 5.8ಕ್ಕೆ ಸುಮಾರು 5 ಮೀಟರ್. ಇದರ ಶೇಕಡಾ 60ರಷ್ಟಾದರೂ ತೆರವಾಗಿರಬೇಕೆಂಬುದು ಅನುಭವಸ್ಥರ ನಿಯಮ. 5.8ರಲ್ಲಾದರೆ 3 ಮೀಟರ್ ತೆರವು ಸಾಕು. ಮೋರಖಂಡಿಯ ಈ ಮನೆಗೆ ಆ ತರಂಗಪಟ್ಟಿಯೇ ಮೇಲು ಎನ್ನಲು ಇದೊಂದು ಕಾರಣ. ಊರ ಮನೆಗಳ ಮಾಮೂಲಿ ವೈಫೈ ಗದ್ದಲ 2.4ರಲ್ಲಿ ಹೆಚ್ಚೆಂಬುದು ಇನ್ನೊಂದು ಕಾರಣ.

ಭೂಮಿ ಗುಂಡಗಿರುವುದರಿಂದ ದಾರಿಗೆ ಅಡ್ಡ ಬರುತ್ತದೆಯೇ ಎಂದು ಹುಡುಗಿ ಲೆಕ್ಕ ಹಾಕುತ್ತಾಳೆ. ಎರಡು ಕಿಲೋಮೀಟರಿನ ಮಧ್ಯದಲ್ಲಿ ಆ ಉಬ್ಬು ಎಂಟು ಸೆಂಟಿಮೀಟರ್, ಅಂದರೆ ಒಂದು ಗೇಣೂ ಇಲ್ಲ. ಭೂಮಿಯನ್ನು ಬಿಟ್ಟುಬಿಡಬಹುದು, ಕಬ್ಬನ್ನು ಬಿಡುವಂತಿಲ್ಲ. ಬಲಿತ ಕಬ್ಬು 3 ಮೀಟರ್. ಅದರ ಮೇಲೆ 3 ಮೀಟರ್ ತೆರವು. ದಾರಿಯ ನಡುವೆ ಅಲೆಯ ಗೆರೆ ನೆಲದಿಂದ 6 ಮೀಟರ್ ಮೇಲಿರಬೇಕು. ಕಾಕಾನ ಎರಡಂತಸ್ತಿನ ಮಾಳಿಗೆಯ ಮೇಲೆ ಚಿಕ್ಕ ಪೈಪು ನೆಟ್ಟರೆ 9 ಮೀಟರ್ ಆಗುತ್ತದೆ. ಈ ಕಡೆ 6.5 ಮೀಟರ್ ಕಂಬ ನಿಲ್ಲಿಸಿದರೆ ಮಧ್ಯದಲ್ಲಿ ಗೆರೆ ಏಳೂಮುಕ್ಕಾಲು ಮೀಟರಿನಲ್ಲಿ ಹಾದುಹೋಗುತ್ತದೆ. ಬೇಸಿಗೆಯಲ್ಲಿ ಬರಿಹೊಲ ನೋಡಿ ‘ಎಷ್ಟು ಚಂದ ಕಾಣಸ್ತದ’ ಎಂದು ಮೋಟು ಕಂಬ ನೆಟ್ಟವರು ಕಬ್ಬು, ತೊಗರಿ ಎದ್ದಾಗ ಸೇವೆ ಕೊಟ್ಟವರನ್ನು ಬೈಯುತ್ತಾರೆ. ದಾರಿ ನೋಡುವುದಾದರೆ ಬೆಳೆ ಬಲಿತ ಕಾಲದಲ್ಲಿ, ಮರ ಚಿಗುರಿದ ಕಾಲದಲ್ಲಿ ನೋಡಬೇಕು.

ಇನ್ನು ಹುಣಸೆಮರ. ಅದು ಸರಿಯಾಗಿ ದಾರಿಯ ನಡುವೆ, ಒಂದು ಕಿಲೋಮೀಟರಿನಲ್ಲಿದೆ. ಅದನ್ನು ಮೀರಿಸುವಷ್ಟು ಎತ್ತರದ ಕಂಬ ಸಾಮಾನ್ಯರ ಕೈಯಲ್ಲಾಗದು. ಅಪ್ಪ ಕೊಡಲಿಯ ಮಾತೆತ್ತುತ್ತಾನೆ. ಅಜ್ಜ ಹಚ್ಚಿದ ಗಿಡ, ವರ್ಷ ವರ್ಷ ಹಣ್ಣು ಕೊಡುವ ಗಿಡ, ದಾರಿಹೋಕರಿಗೆಲ್ಲ ನೆರಳು. ‘ಬ್ಯಾಡಪ್ಪಾ, ಕಂಬಾನೇ ಸರಸೋಣು’ ಎಂದು ಮಗಳು ನೋಟುಪುಸ್ತಕದಲ್ಲಿ ಒಂದು ಚೂಪು ತ್ರಿಕೋನ ಬರೆಯುತ್ತಾಳೆ. ಊರ ತುದಿ ಅಲುಗದೆ ಈ ತುದಿ ಪಕ್ಕಕ್ಕೆ ಸರಿದರೆ, ನಟ್ಟನಡುವೆ ಗೆರೆ ಅದರ ಅರ್ಧದಷ್ಟು ಸರಿಯುತ್ತದೆ. ಹತ್ತನೆಯ ತರಗತಿಯ ಸಮರೂಪ ತ್ರಿಭುಜಗಳ ಪಾಠ, ಪರೀಕ್ಷೆ ಮುಗಿದ ಮೇಲೂ ಉಪಯೋಗಕ್ಕೆ ಬಂದ ಅಪರೂಪದ ಸಂದರ್ಭ. ಟೇಪು ಹಿಡಿದು ಅಳೆದರೆ ಮರದ ಹರವು ಬುಡದಿಂದ ಆರೂವರೆ ಮೀಟರ್. ಮೂರು ಮೀಟರ್ ತೆರವು ಸೇರಿಸಿದರೆ ಒಂಬತ್ತೂವರೆ. ಗೆರೆ ಮಧ್ಯದಲ್ಲಿ 10 ಮೀಟರ್ ಸರಿಯಬೇಕಾದರೆ ಕಂಬ 20 ಮೀಟರ್ ಸರಿಯಬೇಕು. ಮನೆಯಿಂದ ಇಪ್ಪತ್ತು ಮೀಟರ್ ಆಚೆ ಇರುವುದು ದನದ ಕೊಟ್ಟಿಗೆ. ಅದರ ಗೋಡೆಗೆ ಒತ್ತಿ ಕಂಬ ನಿಲ್ಲಿಸಿದರಾಯಿತು. ದನಗಳದೇನೂ ತಕರಾರಿಲ್ಲ.

ಮರುದಿನ ಕೊಟ್ಟಿಗೆಯ ಪಕ್ಕ ಏಣಿ ಇಟ್ಟು ಹತ್ತಿ ಕನ್ನಡಿ ಹೊಳೆಯಿಸಿದಾಗ ಊರಿನಿಂದ ಕಾಕಾ ಟವೆಲು ಬೀಸುತ್ತಾನೆ.

ದಾರಿ ಸಿಕ್ಕ ಮೇಲೆ ಜಮಾಖರ್ಚಿನ ಕೆಲಸ. ರೇಡಿಯೊ ಎಂಜಿನಿಯರುಗಳು ಡೆಸಿಬೆಲ್ ಎಂಬ ಮಾನ ಬಳಸುತ್ತಾರೆ. ಗುಣಾಕಾರವನ್ನು ಕೂಡಿಸುವ ಲೆಕ್ಕವಾಗಿ ಇಳಿಸುವುದು ಅದರ ಉಪಕಾರ. ಮೂರು ಡೆಸಿಬೆಲ್ ಎಂದರೆ ಎರಡರಷ್ಟು, ಹತ್ತು ಎಂದರೆ ಹತ್ತರಷ್ಟು, ಇಪ್ಪತ್ತು ಎಂದರೆ ನೂರರಷ್ಟು. ಪೆಟ್ಟಿಗೆ ಕಳಿಸುವ 100 ಮಿಲಿವ್ಯಾಟ್ ಎಂದರೆ ಜಮೆ 20. ಈ ಕಡೆಯ ಆಂಟೆನಾದ ಲಾಭ 16, ಆ ಕಡೆಯದು 16. ಒಟ್ಟು 52. ಖರ್ಚಿನಲ್ಲಿ ಎರಡು ಕಿಲೋಮೀಟರ್ ಖಾಲಿ ಗಾಳಿಯೇ 114 ನುಂಗುತ್ತದೆ, ಸಣ್ಣಪುಟ್ಟ ಸೋರಿಕೆಗೆ 2. ಉಳಿದದ್ದು ಋಣ 64. ಒಂದು ವ್ಯಾಟನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಇಷ್ಟು ಸಣ್ಣ ಪಿಸುಮಾತು ಈ ಪೆಟ್ಟಿಗೆಗಳಿಗೆ ಧಾರಾಳವಾಗಿ ಕೇಳಿಸುತ್ತದೆ. ಋಣ 75ರವರೆಗೂ ವೇಗ ಚೆನ್ನಾಗಿಯೇ ಇರುತ್ತದೆ. ಹತ್ತರ ಆಸುಪಾಸಿನ ಈ ಉಳಿತಾಯವನ್ನು ಮುಟ್ಟದೆ ಇಟ್ಟುಕೊಳ್ಳುವುದು ಜಾಣತನ. ಗಾಳಿಗೆ ಕಂಬ ಸ್ವಲ್ಪ ವಾಲಿದ ದಿನ, ಹುಣಸೆ ಇನ್ನೆರಡು ಟೊಂಗೆ ಚಾಚಿದ ವರ್ಷ ಅದು ಕೈ ಹಿಡಿಯುತ್ತದೆ.

ಕಾನೂನೂ ಒಂದು ಗೆರೆ ಎಳೆದಿದೆ. 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಭಾರತದಲ್ಲಿ 2005ರಲ್ಲಿ ಲೈಸೆನ್ಸಿನಿಂದ ಮುಕ್ತಗೊಳಿಸಿದಾಗ, ಆಂಟೆನಾದ ಲಾಭವೂ ಸೇರಿ 4 ವ್ಯಾಟಿನ ಮಿತಿ ಇಟ್ಟರು. 5 ಗಿಗಾಹರ್ಟ್ಸ್ ಪಟ್ಟಿಗಳು ಬಯಲಿನ ಬಳಕೆಗೂ ವಿಶಾಲವಾಗಿ ತೆರೆದದ್ದು 2018ರಲ್ಲಿ, ಅವಕ್ಕೂ ಮಿತಿಗಳಿವೆ. ಪೆಟ್ಟಿಗೆ ಹೊಂದಿಸುವಾಗ ದೇಶ ಯಾವುದೆಂದು ಕೇಳುತ್ತದೆ. ಹೆಚ್ಚು ಶಕ್ತಿಯ ಆಸೆಗೆ ಬೇರೆ ದೇಶದ ಹೆಸರು ಒತ್ತುವ ಚಾಳಿ ಕೆಲವರಲ್ಲಿದೆ. ದಾರಿ ತೆರವಾಗಿದ್ದವರಿಗೆ ಅದರ ಅಗತ್ಯವಿಲ್ಲ, ದಾರಿ ತೆರವಿಲ್ಲದವರಿಗೆ ಅದರಿಂದ ಪ್ರಯೋಜನವಿಲ್ಲ. ಒಂದು ಸಂಪರ್ಕವನ್ನು ಎರಡು ಮನೆಗೆ ಹಂಚುವ ಮೊದಲು ಸೇವೆ ಕೊಡುವವರನ್ನು ಕೇಳಿಕೊಳ್ಳುವುದೂ ಒಳ್ಳೆಯದು.

ಕಂಬ ನಿಲ್ಲಿಸುವಾಗ ಆಗುವ ತಪ್ಪುಗಳಲ್ಲಿ ದೊಡ್ಡದು ಕೇಬಲ್ಲಿನದು. ಆಂಟೆನಾವನ್ನು ಮೇಲಿಟ್ಟು, ಪೆಟ್ಟಿಗೆಯನ್ನು ಮನೆಯೊಳಗಿಟ್ಟು, ನಡುವೆ ಟಿ.ವಿ. ಕಾಲದ ಬುದ್ಧಿಯಲ್ಲಿ ಸಪೂರ ಆಂಟೆನಾ ಕೇಬಲ್ ಎಳೆದರೆ ಈ ತರಂಗಗಳು ಕೇಬಲ್ಲಿನಲ್ಲೇ ಸತ್ತುಹೋಗುತ್ತವೆ. ಅಂಥ ಕೇಬಲ್ 2.4 ಗಿಗಾಹರ್ಟ್ಸ್‌ನಲ್ಲಿ ಮೀಟರಿಗೆ ಸುಮಾರು ಒಂದು ಡೆಸಿಬೆಲ್ ತಿನ್ನಬಲ್ಲದು. ಹತ್ತು ಮೀಟರ್ ಎಳೆದರೆ ಉಳಿಯುವುದು ಹತ್ತರಲ್ಲಿ ಒಂದು ಪಾಲು. ಈಗ ರೇಡಿಯೊವೇ ಆಂಟೆನಾದ ಬೆನ್ನಿನಲ್ಲಿ ಕೂತಿರುತ್ತದೆ. ಕೆಳಗೆ ಬರುವುದು ಕಂಪ್ಯೂಟರಿನ ಜಾಲದ ಕೇಬಲ್. ಅದು ನೂರು ಮೀಟರಿನವರೆಗೆ ಮಾಹಿತಿಯನ್ನೂ ಪೆಟ್ಟಿಗೆಗೆ ಬೇಕಾದ ಕರೆಂಟನ್ನೂ ಒಟ್ಟಿಗೇ ಹೊರುತ್ತದೆ. ಸಣ್ಣ ಎಲ್‌ಇಡಿ ಬಲ್ಬಿನಷ್ಟು ಕರೆಂಟು ಸಾಕಾದ್ದರಿಂದ ಚಿಕ್ಕದೊಂದು ಬ್ಯಾಟರಿ ಇಟ್ಟರೆ ಕರೆಂಟು ಹೋದಾಗಲೂ ಪಾಠ ನಿಲ್ಲದು. ಎರಡೂ ತುದಿಯಲ್ಲಿ ಇಡಬೇಕು ಎಂಬುದನ್ನು ಮಾತ್ರ ಮರೆಯಬಾರದು.

ಕಬ್ಬಿಣದ ಕಂಬಕ್ಕೆ ಮೂರು ದಿಕ್ಕಿನಿಂದ ತಂತಿ ಬಿಗಿಯಬೇಕು, ವಿದ್ಯುತ್ ತಂತಿಗಳಿಂದ ದೂರವಿರಬೇಕು, ಭೂಸಂಪರ್ಕ ಕೊಡಬೇಕು. ಈ ಮೂರರಲ್ಲಿ ಉಳಿತಾಯ ಮಾಡಬಾರದು. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲು ಬೀದರ್ ಸೀಮೆಯ ರೈತರಿಗೆ ಗೊತ್ತು. ಬಯಲಿನಲ್ಲಿ ಒಂಟಿಯಾಗಿ ನಿಂತ ಕಂಬ ಅದಕ್ಕೆ ಆಹ್ವಾನವಿದ್ದಂತೆ. ಮೋಡ ಕಟ್ಟಿದ ದಿನ ಕಂಬದ ಹತ್ತಿರ ಯಾರೂ ಸುಳಿಯಬಾರದು, ಹತ್ತುವ ಮಾತಂತೂ ಬೇಡ. ಭೂಸಂಪರ್ಕವನ್ನು ಬಲ್ಲ ವಿದ್ಯುತ್ ಕೆಲಸಗಾರನಿಂದಲೇ ಮಾಡಿಸಬೇಕು. ಮಕ್ಕಳ ಕುತೂಹಲಕ್ಕೆ ಲೆಕ್ಕದಲ್ಲಿ, ಕನ್ನಡಿಯಲ್ಲಿ ಬೇಕಾದಷ್ಟು ಕೆಲಸವಿದೆ.

ಮನೆಯೊಳಗೆ ಬಂದ ಮೇಲೂ ಕಥೆ ಕೆಡಿಸಬಹುದು. ಎರಡು ಕಿಲೋಮೀಟರ್ ದಾಟಿ ತಂದ ಸಂಪರ್ಕವನ್ನು ಹಂಚುವ ರೂಟರನ್ನು, ಬೆಲೆಬಾಳುವ ವಸ್ತುವೆಂದು ಕಬ್ಬಿಣದ ಅಲಮಾರದೊಳಗೆ ಭದ್ರ ಮಾಡಿ ಬೀಗ ಹಾಕುವವರಿದ್ದಾರೆ. ಲೋಹದ ಪೆಟ್ಟಿಗೆಯಿಂದ ಅಲೆ ಹೊರಬರುವುದು, ಬೀಗ ಹಾಕಿದ ಮನೆಯಿಂದ ಬೆಕ್ಕು ಹೊರಬಂದಷ್ಟೇ. ಎರಡಡಿ ದಪ್ಪದ ಕಲ್ಲುಗೋಡೆ, ತಗಡಿನ ಛಾವಣಿ, ನೀರಿನ ಹಂಡೆ, ಆಳೆತ್ತರದ ಕನ್ನಡಿ ಇವೆಲ್ಲ ಅಲೆಗೆ ಅಡ್ಡಿ. ಓದುವ ಮೇಜು ಕಾಣುವ ಕಡೆ, ತಲೆಗಿಂತ ಎತ್ತರದ ಗೂಟಕ್ಕೆ ತೂಗುಹಾಕಿದರೆ ಸಾಕು. ಸುತ್ತಲೂ ಹರಡುವ ಆಂಟೆನಾ ತೀರ ಎತ್ತರದ ಗೋಪುರದ ಮೇಲಿದ್ದರೆ ಬುಡದ ಮನೆಗೇ ಸಿಗದಿರುವುದೂ ಉಂಟು. ದೀಪದ ಬುಡ ಕತ್ತಲೆ ಎಂದು ಹಿರಿಯರು ಹೇಳಿದ್ದು ಇದಕ್ಕೂ ಸಲ್ಲುತ್ತದೆ.

ಕೊನೆಯ ಕೆಲಸ ಅಪ್ಪನಿಗೆ ಬರುವಂಥದು. ಎರಡು ಆಂಟೆನಾಗಳೂ ಒಂದೇ ಭಂಗಿಯಲ್ಲಿರಬೇಕು. ಒಂದು ನಿಂತು ಇನ್ನೊಂದು ಮಲಗಿದರೆ ನೂರರಲ್ಲಿ ಒಂದು ಪಾಲೂ ಮುಟ್ಟದೆ ಹೋದೀತು. ಆಮೇಲೆ ನಿಧಾನವಾಗಿ ತಿರುಗಿಸಬೇಕು. ಮೊದಲ ಸಲ ಅಂಕಿ ಏರಿದ ಕೂಡಲೇ ನಟ್ಟು ಬಿಗಿಯುವವನು ಮೋಸಹೋಗುತ್ತಾನೆ, ಏಕೆಂದರೆ ಆಂಟೆನಾಕ್ಕೆ ಮುಖ್ಯ ಮುಖದ ಪಕ್ಕದಲ್ಲಿ ಸಣ್ಣ ಸುಳ್ಳು ಮುಖಗಳೂ ಇರುತ್ತವೆ. ಏರಿ, ಇಳಿದು, ಮತ್ತೆ ಏರುವುದನ್ನು ಪೂರ್ತಿ ನೋಡಿ ಎಲ್ಲಕ್ಕಿಂತ ಎತ್ತರದ ಜಾಗಕ್ಕೆ ಮರಳಿ ಬರಬೇಕು. ಅಪ್ಪನಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೈ ತೆಗೆದ ಮೇಲೂ ನಿಂತರೆ ಮಾತ್ರ ನಿಂತಂತೆ ಎಂಬುದನ್ನು ಅವನು ಮಾಳಿಗೆಯ ಮೇಲೆ ಎಷ್ಟೋ ಭಾನುವಾರ ಕಳೆದುಕೊಂಡು ಕಲಿತಿದ್ದಾನೆ.

ಏಣಿಯ ಮೇಲೆ ಅವನು, ಕೆಳಗೆ ಫೋನು ಹಿಡಿದು ಮಗಳು.

‘ಬಂತೇನವ್ವಾ?’

‘ಎಪ್ಪತ್ತೊಂಬತ್ತು. ಇನ್ನೊಂಚೂರು ಊರ ಕಡೆ ತಿರುವಪ್ಪಾ... ಎಪ್ಪತ್ತೆರಡು... ಎಪ್ಪತ್ನಾಲ್ಕು, ಹೊಳ್ಳಿ ಹೋತು.’

‘ಹೋಗಲಿ ಬಿಡು, ಇನ್ನಷ್ಟು ತಿರುವಿ ನೋಡ್ತೀನಿ.’

‘ಎಪ್ಪತ್ತು... ಅರವತ್ತೇಳು... ಅರವತ್ತೈದು. ಅಪ್ಪಾ, ಸಾಕು!’

‘ಕೈ ಬಿಟ್ಟೀನಿ ನೋಡು. ಈಗೆಷ್ಟದ?’

‘ಅರವತ್ತೈದೇ ಅದಪ್ಪಾ. ಇಳಿದು ಬಾ, ನೀನೂ ನೋಡುವಂತಿ.’